ನಾಲ್ವರ ಮೇಜಿಗೆ ಜನ ಸೇರಿಸಿದ ಕಥೆ

2018ರ ಸೆಪ್ಟೆಂಬರ್ 1. ಜಕಾರ್ತದಲ್ಲಿ ಏಷ್ಯನ್ ಕ್ರೀಡಾಕೂಟ ಮುಗಿಯಲು ಒಂದೇ ದಿನ ಬಾಕಿಯಿತ್ತು. ಅಂದು ಭಾರತಕ್ಕೆ ಬಂದ ಚಿನ್ನದ ಪದಕಗಳಲ್ಲಿ ಒಂದನ್ನು ಗೆದ್ದವರು 60 ವರ್ಷದ ಪ್ರಣಬ್ ಬರ್ಧನ್ ಮತ್ತು 56 ವರ್ಷದ ಶಿಬನಾಥ್ ದೇ ಸರ್ಕಾರ್. ಇಬ್ಬರೂ ಪಶ್ಚಿಮ ಬಂಗಾಳದವರು, ಆಡಿದ್ದು ಬ್ರಿಡ್ಜ್. ಪುರುಷರ ತಂಡಕ್ಕೂ ಮಿಶ್ರ ತಂಡಕ್ಕೂ ಅಷ್ಟರಲ್ಲಿ ಕಂಚು ಸಿಕ್ಕಾಗಿತ್ತು. ಮಿಶ್ರ ತಂಡದ ಹೇಮಾ ದೇವೋರಾ ಮತ್ತು ಕಿರಣ್ ನಾಡಾರ್ ಇಬ್ಬರೂ ಅರವತ್ತು ದಾಟಿದವರು.

ಸುದ್ದಿ ಓದಿದ ಅನೇಕರಿಗೆ ಸಂತೋಷದ ಜೊತೆಗೆ ಅನುಮಾನವೂ ಮೂಡಿತು. ಇಸ್ಪೀಟಾಟಕ್ಕೂ ಪದಕ ಕೊಡುತ್ತಾರೆಯೇ? ನಮ್ಮ ಕಡೆ ಇಸ್ಪೀಟು ಎಂದೊಡನೆ ಕಣ್ಣಮುಂದೆ ಬರುವುದು ಅಂದರ್-ಬಾಹರ್, ಪೊಲೀಸ್ ದಾಳಿ, ಪಣಕ್ಕಿಟ್ಟ ಹಣ ವಶ ಎಂಬ ಪತ್ರಿಕೆಯ ಮೂಲೆಯ ಸುದ್ದಿ. ಅದೇ ಎಲೆಗಳನ್ನು ಹಿಡಿದು ರಾಷ್ಟ್ರಧ್ವಜದ ಕೆಳಗೆ ನಿಲ್ಲಬಹುದು ಎಂಬುದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಆ ಕೂಟಕ್ಕೆ ಬ್ರಿಡ್ಜ್ ಸುಮ್ಮನೆ ಬಂದು ಸೇರಿದ್ದಲ್ಲ. ಇಂಡೊನೇಷ್ಯಾದ ಅತಿ ಶ್ರೀಮಂತರಲ್ಲೊಬ್ಬರಾದ ಮೈಕೆಲ್ ಬಾಂಬಾಂಗ್ ಹಾರ್ತೊನೊ ಅದಕ್ಕಾಗಿ ಪಟ್ಟು ಹಿಡಿದಿದ್ದರು. ಆಟ ಸೇರಿದ ಮೇಲೆ 78ನೆಯ ವಯಸ್ಸಿನಲ್ಲಿ ತಾವೇ ಮೇಜಿಗೆ ಕೂತು ತಮ್ಮ ದೇಶಕ್ಕೆ ಕಂಚು ಗೆದ್ದುಕೊಟ್ಟರು. ಬ್ರಿಡ್ಜ್‌ನ ಇತಿಹಾಸದ ತುಂಬ ಇಂಥವರೇ ಸಿಗುತ್ತಾರೆ. ನಾಲ್ಕು ಜನ ಕೂತು ಆಡುವ ಈ ಆಟಕ್ಕೆ ಒಂದೊಂದು ಕಾಲದಲ್ಲಿ ಒಬ್ಬೊಬ್ಬರು ಮೆಟ್ಟಿಲು ಕಟ್ಟಿದರು, ಬಾಗಿಲು ತೆರೆದರು, ಹೊಸಬರನ್ನು ಕೈಹಿಡಿದು ಕರೆತಂದರು. ಅವರು ಕೈಬಿಟ್ಟ ಕಡೆ ಆಟ ಸೊರಗಿತು.

ಇಸ್ಪೀಟಿನ ‘ಇಪ್ಪತ್ತೆಂಟು’ ಆಟ ಆಡಿದವರಿಗೆ ಬ್ರಿಡ್ಜ್‌ನ ಅರ್ಧ ಭಾಗ ಆಗಲೇ ಗೊತ್ತಿದೆ ಎನ್ನಬಹುದು. ಎದುರು-ಬದುರು ಕೂತವರು ಜೊತೆಗಾರರು. ಮೊದಲು ಕೂಗು, ಆಮೇಲೆ ಆಟ. ಕೂಗಿನಲ್ಲಿ ಗೆದ್ದವರು ಹೇಳಿದ ಜಾತಿ ತುರುಪು. ಇಲ್ಲಿ 52 ಎಲೆಗಳೂ ಬಳಕೆಯಲ್ಲಿರುತ್ತವೆ, ತಲಾ 13 ಎಲೆ, ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು, ಅಂದರೆ ಟ್ರಿಕ್, ಒಟ್ಟು 13. ಕೂಗು ಮುಗಿದು ಮೊದಲ ಎಲೆ ಬಿದ್ದೊಡನೆ ಕೂಗು ಗೆದ್ದವರ ಜೊತೆಗಾರ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಡಿಸಿಡುತ್ತಾನೆ. ಅದಕ್ಕೆ ಡಮ್ಮಿ ಎನ್ನುತ್ತಾರೆ. ಅಲ್ಲಿಂದ ಮುಂದೆ ಪ್ರತಿಯೊಬ್ಬರಿಗೂ ಕಾಣುವುದು 26 ಎಲೆ. ಉಳಿದ 26 ಎಲೆ ಯಾರ ಕೈಯಲ್ಲಿ ಹೇಗಿವೆ ಎಂಬುದನ್ನು ಕೂಗಿನಿಂದ, ಬಿದ್ದ ಎಲೆಯಿಂದ, ಬೀಳದ ಎಲೆಯಿಂದ ಲೆಕ್ಕ ಹಾಕಬೇಕು. ಒಬ್ಬ ಆಟಗಾರನ ಕೈಗೆ ಬರಬಹುದಾದ 13 ಎಲೆಗಳ ಜೋಡಣೆಗಳೇ 63,501 ಕೋಟಿಗೂ ಹೆಚ್ಚು.

ಬ್ರಿಡ್ಜ್‌ನ ತಾಯಿಬೇರು ಇಂಗ್ಲೆಂಡಿನ ವಿಸ್ಟ್ ಆಟ. 1742ರಲ್ಲಿ ಎಡ್ಮಂಡ್ ಹಾಯ್ಲ್ ಅದರ ಮೇಲೆ ಪುಟ್ಟ ಪುಸ್ತಕ ಬರೆದ ಹೊತ್ತಿಗೇ ವಿಸ್ಟ್ ಅಲ್ಲಿನ ದೊಡ್ಡಮನೆಗಳ ಮೆಚ್ಚಿನ ಆಟವಾಗಿತ್ತು. ಆದರೆ ಅದನ್ನು ಸ್ಪರ್ಧೆ ಎನ್ನಲು ಒಂದು ತೊಡಕಿತ್ತು. ಒಳ್ಳೆಯ ಎಲೆ ಬಂದವನು ಗೆಲ್ಲುತ್ತಾನೆ, ಬಾರದವನು ಸೋಲುತ್ತಾನೆ. ಇಡೀ ಸಂಜೆ ಕೆಟ್ಟ ಎಲೆಯನ್ನೇ ಹಿಡಿದು ಅದ್ಭುತವಾಗಿ ಆಡಿದವನಿಗೂ ಸೋಲೇ ಗತಿ. ಹೀಗಿದ್ದರೆ ಯಾರು ಮೇಲು ಎಂದು ನಿರ್ಧರಿಸುವುದಾದರೂ ಹೇಗೆ?

ಉತ್ತರ ಹುಡುಕಿದವರಲ್ಲಿ ಮೊದಲಿಗರು ಲಂಡನ್ನಿನ ಹೆನ್ರಿ ಜೋನ್ಸ್. ಮುಂದೆ ‘ಕ್ಯಾವೆಂಡಿಶ್’ ಎಂಬ ಹೆಸರಿನಲ್ಲಿ ವಿಸ್ಟ್ ಕುರಿತು ಬರೆದ ಅವರು 1857ರಲ್ಲಿ ಒಂದು ಪ್ರಯೋಗ ಮಾಡಿಸಿದರು. ಪಳಗಿದ ಆಟಗಾರರನ್ನು ಒಂದು ಪಕ್ಷವಾಗಿ, ಸಾಧಾರಣ ಆಟಗಾರರನ್ನು ಇನ್ನೊಂದು ಪಕ್ಷವಾಗಿ ಮಾಡಿ, ಅವೇ ಎಲೆಗಳನ್ನು ಎರಡೂ ಪಕ್ಷಗಳಿಗೆ ಅದಲು ಬದಲಾಗಿ ಕೊಟ್ಟು ಆಡಿಸಿದರು. ಅದೃಷ್ಟ ಎರಡೂ ಕಡೆಗೆ ಸಮನಾದಾಗ ಪಳಗಿದವರೇ ಗೆದ್ದರು. ಡೂಪ್ಲಿಕೇಟ್ ಎಂದು ಇಂದು ಕರೆಯುವ ಪದ್ಧತಿಯ ಮೊಳಕೆ ಇದು.

ಅಮೆರಿಕದಲ್ಲಿ ಈ ಮೊಳಕೆ ಗಿಡವಾಯಿತು. 1891ರಲ್ಲಿ ಮಿಲ್ವಾಕಿಯಲ್ಲಿ ಅಮೆರಿಕನ್ ವಿಸ್ಟ್ ಲೀಗ್ ಸ್ಥಾಪನೆಯಾಯಿತು. ಜಾನ್ ಮಿಚೆಲ್ ಎಂಬುವರು ಹತ್ತಾರು ಮೇಜುಗಳ ನಡುವೆ ಜೋಡಿಗಳು ಒಂದು ದಿಕ್ಕಿಗೆ, ಎಲೆಗಳು ಇನ್ನೊಂದು ದಿಕ್ಕಿಗೆ ಚಲಿಸುವ ಕ್ರಮವೊಂದನ್ನು ರೂಪಿಸಿದರು. ಇಂದಿಗೂ ಕ್ಲಬ್ಬುಗಳಲ್ಲಿ ಹೆಚ್ಚಾಗಿ ನಡೆಯುವುದು ‘ಮಿಚೆಲ್’ ಚಲನೆಯೇ.

ಡೂಪ್ಲಿಕೇಟ್ ಪಂದ್ಯದ ಮೇಜನ್ನು ಹತ್ತಿರದಿಂದ ನೋಡಿದರೆ ಅದರ ಜಾಣ್ಮೆ ತಿಳಿಯುತ್ತದೆ. ಮೇಜಿನ ನಡುವೆ ಒಂದು ಚಪ್ಪಟೆ ಪೆಟ್ಟಿಗೆ. ಅದಕ್ಕೆ ಬೋರ್ಡ್ ಎಂದು ಹೆಸರು. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಗುರುತಿರುವ ನಾಲ್ಕು ಕಿಸೆಗಳಲ್ಲಿ ತಲಾ 13 ಎಲೆ. ಆಡುವಾಗ ಯಾರೂ ಎಲೆಯನ್ನು ನಡುವೆ ಎಸೆಯುವುದಿಲ್ಲ. ತಮ್ಮ ತಮ್ಮ ಮುಂದೆಯೇ ತೋರಿಸಿ, ಟ್ರಿಕ್ ಮುಗಿದೊಡನೆ ಬೋರಲು ಹಾಕುತ್ತಾರೆ. ಗೆದ್ದ ಟ್ರಿಕ್ಕಿನ ಎಲೆಯನ್ನು ಜೊತೆಗಾರನ ಕಡೆ ಉದ್ದಕ್ಕೆ, ಸೋತದ್ದನ್ನು ಅಡ್ಡಕ್ಕೆ ಇಡುತ್ತಾರೆ. ಕೊನೆಯಲ್ಲಿ ಆ ಸಾಲು ನೋಡಿದರೆ ಎಷ್ಟು ಗೆದ್ದೆವು, ಎಷ್ಟು ಕಳೆದುಕೊಂಡೆವು ಎಂಬ ಲೆಕ್ಕ ಸಿದ್ಧ. ತಕರಾರು ಬಂದರೆ ಒಂದೊಂದೇ ಎಲೆ ತಿರುಗಿಸಿ ಆಟವನ್ನು ಮತ್ತೆ ನೋಡಬಹುದು. ಎಲೆಗಳು ಮರಳಿ ಅವೇ ಕಿಸೆಗಳಿಗೆ ಸೇರಿ ಪಕ್ಕದ ಮೇಜಿಗೆ ಹೋಗುತ್ತವೆ. ಅಲ್ಲಿ ಬೇರೆ ನಾಲ್ವರು ಅದೇ ಎಲೆಗಳಿಂದ ಇನ್ನೇನು ಮಾಡುತ್ತಾರೆ ಎಂಬುದರ ಮೇಲೆ ಅಂಕ. ರಾಜ ರಾಣಿ ಒಂದೂ ಬಾರದ ಜೋಡಿಯೂ ಅಂಥದೇ ಎಲೆ ಹಿಡಿದ ಉಳಿದ ಜೋಡಿಗಳಿಗಿಂತ ಕಡಿಮೆ ಸೋತರೆ ಮೊದಲ ಬಹುಮಾನ ಪಡೆಯಬಹುದು. ಬಡ ಎಲೆ ಹಿಡಿದವನಿಗೂ ಗೆಲ್ಲುವ ದಾರಿ ಇದೆ ಎಂದಾದ ಮೇಲೆಯೇ ಈ ಆಟದಲ್ಲಿ ಲೀಗ್, ಟ್ರೋಫಿ, ಚಾಂಪಿಯನ್ ಎಂಬುದಕ್ಕೆಲ್ಲ ಅರ್ಥ ಬಂದದ್ದು.

ವಿಸ್ಟ್ ಬ್ರಿಡ್ಜ್ ಆಗಿ ಮಾರ್ಪಟ್ಟ ದಾರಿಯಲ್ಲಿ ಭಾರತವೂ ಬರುತ್ತದೆ. ‘ಬಿರಿಚ್, ಅಥವಾ ರಷ್ಯನ್ ವಿಸ್ಟ್’ ಎಂಬ ಕಿರುಹೊತ್ತಗೆ 1886ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1894ರಲ್ಲಿ ಅಲ್ಲಿನ ಪೋರ್ಟ್‌ಲೆಂಡ್ ಕ್ಲಬ್ಬಿಗೆ ಬ್ರಿಡ್ಜ್ ಕಾಲಿಟ್ಟಿತು. ಪೈಪೋಟಿಯಿಂದ ಕೂಗುವ ‘ಆಕ್ಷನ್ ಬ್ರಿಡ್ಜ್’ ಹುಟ್ಟಿದ್ದು ಭಾರತದ ಯಾವುದೋ ದೂರದ ಠಾಣೆಯಲ್ಲಿ, ನಾಲ್ಕನೆಯವನು ಸಿಗದೆ ಮೂವರೇ ಆಡುತ್ತಿದ್ದ ಸಿವಿಲ್ ಸರ್ವಿಸ್ ಅಧಿಕಾರಿಗಳಿಂದ ಎಂಬ ಪ್ರತೀತಿ ಇದೆ. ಕೂಗಿದಷ್ಟನ್ನು ಗೆದ್ದರೆ ಮಾತ್ರ ಅಂಕ ಎನ್ನುವ ವಿಚಾರವನ್ನು 1912ರ ಸುಮಾರಿಗೇ ಪುಣೆಯಲ್ಲಿ ಕೆಲವು ಇಂಗ್ಲಿಷ್ ಅಧಿಕಾರಿಗಳು ಆಡಿ ನೋಡಿದ್ದರು. ಫ್ರಾನ್ಸಿನಲ್ಲಿ ಅದೇ ಬಗೆಯ ‘ಪ್ಲಾಫೋ’ ಆಟ ಬೆಳೆದಿತ್ತು.

ಈ ಎಳೆಗಳನ್ನೆಲ್ಲ ಒಂದಾಗಿ ಹೊಸೆದವರು ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್. 1925ರ ಅಕ್ಟೋಬರ್ ಕೊನೆಯಲ್ಲಿ ಪನಾಮಾ ಕಾಲುವೆಯ ಮೂಲಕ ಹವಾನಾ ಕಡೆಗೆ ಸಾಗುತ್ತಿದ್ದ ‘ಫಿನ್‌ಲೆಂಡ್’ ಹಡಗಿನಲ್ಲಿ ಅವರು ಹೊಸ ಅಂಕಪಟ್ಟಿಯನ್ನು ಮೂವರು ಗೆಳೆಯರ ಮುಂದಿಟ್ಟರು. ಇಂದು ಜಗತ್ತು ಆಡುವ ಕಾಂಟ್ರ್ಯಾಕ್ಟ್ ಬ್ರಿಡ್ಜ್ ಹುಟ್ಟಿದ್ದು ಆ ಪಯಣದಲ್ಲಿ.

ಆಟವೇನೋ ಸಿದ್ಧವಾಯಿತು, ಜನ ಬರಬೇಕಿತ್ತು. ಆ ಕೆಲಸಕ್ಕೆ ಹೇಳಿ ಮಾಡಿಸಿದಂತೆ ಸಿಕ್ಕವರು ಈಲಿ ಕಲ್ಬರ್ಟ್‌ಸನ್. 1929ರಲ್ಲಿ ‘ಬ್ರಿಡ್ಜ್ ವರ್ಲ್ಡ್’ ಪತ್ರಿಕೆ ತೆರೆದರು, 1930ರಲ್ಲಿ ‘ಬ್ಲೂ ಬುಕ್’ ಬರೆದರು. ಹೆಂಡತಿ ಜೋಸೆಫಿನ್ ಜೊತೆ ಸೇರಿ ತಮ್ಮ ಕೂಗಿನ ಪದ್ಧತಿಯನ್ನು ಮನೆಮನೆಗೆ ಮುಟ್ಟಿಸಲು ಹೊರಟರು. ಹಳೆಯ ತಲೆಮಾರಿನ ಸಿಡ್ನಿ ಲೆಂಜ್ ಅವರ ಪದ್ಧತಿಗೂ ತಮ್ಮ ಪದ್ಧತಿಗೂ ಬಹಿರಂಗ ಪಂದ್ಯವಾಗಲಿ ಎಂದು ಸವಾಲು ಹಾಕಿದರು. 1931ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಶುರುವಾದ ಆ ಪಂದ್ಯ 150 ರಬ್ಬರ್‌ಗಳವರೆಗೆ (ಮೂರರಲ್ಲಿ ಎರಡು ಗೇಮ್ ಗೆಲ್ಲಬೇಕಾದ ಸುತ್ತು) ನಡೆದು ಜನವರಿಯಲ್ಲಿ ಮುಗಿಯಿತು. ಕಲ್ಬರ್ಟ್‌ಸನ್ ಪಕ್ಷ 8,980 ಅಂಕಗಳಿಂದ ಗೆದ್ದಿತು. ಆರ್ಥಿಕ ಕುಸಿತದ ಆ ಕಷ್ಟದ ದಿನಗಳಲ್ಲಿ ಪತ್ರಿಕೆಗಳು ದಿನದಿನದ ಆಟವನ್ನು ವರದಿ ಮಾಡಿದವು. ಒಂದು ಕಟ್ಟು ಎಲೆಯ ಬೆಲೆಗೆ ನಾಲ್ವರಿಗೆ ಇಡೀ ಸಂಜೆಯ ಬಿಡುವು ಸಿಗುತ್ತದೆ ಎನ್ನುವುದು ಕೈಯಲ್ಲಿ ಕಾಸಿಲ್ಲದ ಕಾಲಕ್ಕೆ ಹೊಂದಿಬಂತು.

ಆದರೆ ಒಬ್ಬ ವ್ಯಕ್ತಿಯ ವರ್ಚಸ್ಸಿನಿಂದ ಬಂದ ಜನ ಆ ವ್ಯಕ್ತಿಯ ಜೊತೆಗೇ ಹೋಗಬಹುದು. ಉಳಿಸಿಕೊಳ್ಳಲು ಸಂಸ್ಥೆ ಬೇಕು. 1937ರಲ್ಲಿ ಎರಡು ಸಂಘಗಳು ಒಂದಾಗಿ ಅಮೆರಿಕನ್ ಕಾಂಟ್ರ್ಯಾಕ್ಟ್ ಬ್ರಿಡ್ಜ್ ಲೀಗ್ ರೂಪುಗೊಂಡಿತು. ಅದರ ಕೈಗೆ ಬಂದ ಅತ್ಯಂತ ಬಲವಾದ ಸಾಧನ ಮಾಸ್ಟರ್ ಪಾಯಿಂಟ್. ಪಂದ್ಯಗಳಲ್ಲಿ ಗೆದ್ದ ಈ ಅಂಕಗಳು ಆಟಗಾರನ ಹೆಸರಿನಲ್ಲಿ ಜೀವನಪೂರ್ತಿ ಜಮೆಯಾಗುತ್ತ ಹೋಗುತ್ತವೆ, ಕಳೆದುಹೋಗುವುದಿಲ್ಲ. ವಾರಕ್ಕೊಮ್ಮೆ ಕ್ಲಬ್ಬಿಗೆ ಬಂದು ಒಂದಿಷ್ಟು ಪುಡಿ ಅಂಕ ಗಳಿಸುವ ಗೃಹಿಣಿಯೂ ವಿಶ್ವ ಚಾಂಪಿಯನ್ನನೂ ಒಂದೇ ಏಣಿಯ ಮೇಲೆ ನಿಂತಿರುತ್ತಾರೆ, ಮೆಟ್ಟಿಲು ಮಾತ್ರ ಬೇರೆ.

ಈ ಏಣಿಯನ್ನು ಕಟ್ಟಿದ ಬಗೆ ಗಮನಿಸುವಂಥದ್ದು. ಅಲ್ಲಿ ಅಂಕಗಳಿಗೆ ಬಣ್ಣವಿದೆ. ಕ್ಲಬ್ಬಿನ ದಿನನಿತ್ಯದ ಆಟಕ್ಕೆ ಕಪ್ಪು, ಅದಕ್ಕಿಂತ ಮೇಲಿನ ಕೂಟಗಳಿಗೆ ಬೆಳ್ಳಿ, ಪ್ರಾದೇಶಿಕ ಕೂಟಗಳಿಗೆ ಕೆಂಪು ಮತ್ತು ಚಿನ್ನ. ‘ಲೈಫ್ ಮಾಸ್ಟರ್’ ಎನಿಸಿಕೊಳ್ಳಲು ಕಪ್ಪು ಅಂಕ ಎಷ್ಟೇ ರಾಶಿ ಬಿದ್ದಿದ್ದರೂ ಸಾಲದು, ಉಳಿದ ಬಣ್ಣಗಳೂ ನಿಗದಿಯಾದಷ್ಟು ಇರಲೇಬೇಕು. ಅಂದರೆ ಆಟಗಾರ ತನ್ನ ಬಡಾವಣೆಯ ಕ್ಲಬ್ ಬಿಟ್ಟು ಪಕ್ಕದ ಊರಿಗೆ, ಅಲ್ಲಿಂದ ದೊಡ್ಡ ನಗರಕ್ಕೆ ಹೋಗಿ ತನಗಿಂತ ಬಲಶಾಲಿಗಳ ಎದುರು ಕೂರಲೇಬೇಕು. ಭಾರತ ಸೇರಿ ಅನೇಕ ದೇಶಗಳ ಬ್ರಿಡ್ಜ್ ಒಕ್ಕೂಟಗಳು ಮಾಸ್ಟರ್ ಪಾಯಿಂಟನ್ನು ತಮ್ಮದಾಗಿಸಿಕೊಂಡಿವೆ.

ಏಣಿ ಎಲ್ಲರಿಗೂ ಇರಲಿಲ್ಲ. ಕಪ್ಪು ಅಮೆರಿಕನ್ನರಿಗೆ ಆ ಲೀಗಿನ ಬಾಗಿಲು ಮುಚ್ಚಿತ್ತು. ಲೀಗ್ ರೂಪುಗೊಳ್ಳುವ ಮುನ್ನವೇ, 1932ರಲ್ಲಿ, ವರ್ಜೀನಿಯಾದ ಬಕ್‌ರೋ ಕಡಲತೀರದಲ್ಲಿ ಸೇರಿದ್ದ ಕಪ್ಪು ಟೆನಿಸ್ ಆಟಗಾರರ ಗುಂಪೊಂದು ತಮ್ಮದೇ ಅಮೆರಿಕನ್ ಬ್ರಿಡ್ಜ್ ಅಸೋಸಿಯೇಷನ್ ಕಟ್ಟಿಕೊಂಡಿತು. ತಮ್ಮದೇ ಕ್ಲಬ್ಬುಗಳು, ತಮ್ಮದೇ ರಾಷ್ಟ್ರೀಯ ಕೂಟ, ತಮ್ಮದೇ ಮಾಸ್ಟರ್ ಪಾಯಿಂಟು. ಬಿಳಿಯರ ಲೀಗಿನ ಕೊನೆಯ ತಡೆಗಳು ತೆರವಾಗಲು 1967ರವರೆಗೆ ಕಾಯಬೇಕಾಯಿತು. ಯಾರ ಎಲೆ ಎಂದು ನೋಡದೆ ಆಟವನ್ನಷ್ಟೇ ಅಳೆಯುವ ಡೂಪ್ಲಿಕೇಟ್ ಪದ್ಧತಿಯನ್ನು ಅಷ್ಟು ಮೆಚ್ಚಿದವರು ಆಟಗಾರನ ಬಣ್ಣ ನೋಡಿ ಬಾಗಿಲು ಹಾಕಿದ್ದು ಈ ಆಟದ ಚರಿತ್ರೆಯ ಕಳಂಕ. ಬಕ್‌ರೋದಲ್ಲಿ ಹುಟ್ಟಿದ ಸಂಘ ಇಂದಿಗೂ ಬದುಕಿದೆ.

ಹೊಸಬರನ್ನು ಕರೆತರುವುದರಲ್ಲಿ ಕಲ್ಬರ್ಟ್‌ಸನ್ ನಂತರದ ದೊಡ್ಡ ಹೆಸರು ಚಾರ್ಲ್ಸ್ ಗೋರೆನ್. ಕೈಯಲ್ಲಿರುವ ಎಲೆಗಳ ಬಲವನ್ನು ಅಳೆಯಲು ಹಿಂದೆ ಗೊಂದಲದ ಲೆಕ್ಕಗಳಿದ್ದವು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬ ಸರಳ ಎಣಿಕೆಯನ್ನು ಅವರು 1940ರ ದಶಕದ ಕೊನೆಯಲ್ಲಿ ಜನಪ್ರಿಯಗೊಳಿಸಿದರು. ಎಣಿಕೆ ಅವರಿಗಿಂತ ಹಿಂದಿನವರದ್ದು, ಅದನ್ನು ಎಲ್ಲರ ಬಾಯಲ್ಲಿ ಕೂರಿಸಿದ್ದು ಅವರು. ಒಂದು ಗಂಟೆಯಲ್ಲಿ ಕಲಿಸಬಹುದಾದ ಈ ಪಾಠ ಲಕ್ಷಾಂತರ ಜನರ ಹೆದರಿಕೆ ಬಿಡಿಸಿತು. 1958ರಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಗೋರೆನ್ ಬಂದರು, ಮರುವರ್ಷದಿಂದ ಟೆಲಿವಿಷನ್ನಿನಲ್ಲಿ ಅವರ ಬ್ರಿಡ್ಜ್ ಕಾರ್ಯಕ್ರಮ ಶುರುವಾಯಿತು.

ಅದೇ 1958ರ ಆಗಸ್ಟ್‌ನಲ್ಲಿ ನಾರ್ವೆಯ ಓಸ್ಲೋದಲ್ಲಿ ವಿಶ್ವ ಬ್ರಿಡ್ಜ್ ಒಕ್ಕೂಟ ಹುಟ್ಟಿತು. ಪುರುಷರೇ ತುಂಬಿದ್ದ ವಿಶ್ವ ತಂಡ ಸ್ಪರ್ಧೆ ಬರ್ಮುಡಾ ಬೌಲ್ 1950ರಿಂದಲೇ ನಡೆಯುತ್ತಿತ್ತು. 1960ರಲ್ಲಿ ಇಟಲಿಯ ಟ್ಯುರಿನ್‌ನಲ್ಲಿ ಎಲ್ಲ ದೇಶಗಳಿಗೂ ತೆರೆದ ಒಲಿಂಪಿಯಾಡ್, 1974ರಲ್ಲಿ ಮಹಿಳೆಯರಿಗೆ ವೆನಿಸ್ ಕಪ್, 1987ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಿರಿಯರ ವಿಶ್ವ ತಂಡ ಸ್ಪರ್ಧೆ ಸೇರಿಕೊಂಡವು. 1999ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮನ್ನಣೆಯೂ ದೊರೆಯಿತು.

ತಳದಲ್ಲಿ ಕ್ಲಬ್ಬುಗಳು ಗಟ್ಟಿಯಾಗಿದ್ದರೆ ತುದಿಯಲ್ಲಿ ಏನಾಗಬಹುದು ಎಂಬುದಕ್ಕೆ ಐಸ್‌ಲ್ಯಾಂಡ್ ಸಾಕ್ಷಿ. ಎರಡೂವರೆ ಲಕ್ಷದಷ್ಟು ಜನಸಂಖ್ಯೆಯ ಆ ದೇಶ 1991ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಪೋಲೆಂಡನ್ನು ಫೈನಲ್‌ನಲ್ಲಿ ಸೋಲಿಸಿ ಬರ್ಮುಡಾ ಬೌಲ್ ಎತ್ತಿಕೊಂಡಿತು. ನಮ್ಮ ಒಂದು ತಾಲ್ಲೂಕಿನಷ್ಟು ಜನ! ಅಷ್ಟೇನೂ ದೊಡ್ಡದಲ್ಲದ ನೆದರ್‌ಲೆಂಡ್ಸ್‌ನಲ್ಲಿ ಬ್ರಿಡ್ಜ್ ಸಂಘದ ಸದಸ್ಯರು ಒಂದು ಲಕ್ಷ ದಾಟಿದ್ದರು. ಆ ದೇಶ 1993ರಲ್ಲೂ 2011ರಲ್ಲೂ ವಿಶ್ವ ಚಾಂಪಿಯನ್ ಆಯಿತು.

ಚೀನಾದ ದಾರಿ ಬೇರೆ. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಅಲ್ಲಿ ಬ್ರಿಡ್ಜ್ ಆಡುವುದೇ ಅಪಾಯವಾಗಿತ್ತು. ಡೆಂಗ್ ಶಿಯಾವೊಪಿಂಗ್ ಅಧಿಕಾರಕ್ಕೆ ಮರಳಿದ ಮೇಲೆ ಗಾಳಿ ತಿರುಗಿತು. ಅವರಿಗೆ ಬ್ರಿಡ್ಜ್ ಎಂದರೆ ಪ್ರಾಣ. 1980ರಲ್ಲಿ ಚೀನಾ ವಿಶ್ವ ಒಕ್ಕೂಟ ಸೇರಿತು. ಬೀಜಿಂಗ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಚಾಂಪಿಯನ್ ಆದ ಕ್ಯಾಥಿ ವೇ ಆ ಹೊತ್ತಿಗೆ ತವರಿಗೆ ಹೋಗಿಬಂದು ಆಟ ಕಲಿಸಲು ನೆರವಾದರು, ಡೆಂಗ್ ಜೊತೆಯೂ ಆಡಿದರು. 2009ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಚೀನಾದ ಮಹಿಳೆಯರು ವೆನಿಸ್ ಕಪ್ ಗೆದ್ದರು.

ಜನ ಬರಬೇಕಾದರೆ ಆಟದ ಮೇಲೆ ನಂಬಿಕೆಯೂ ಇರಬೇಕು. ಜೊತೆಗಾರನಿಗೆ ಸನ್ನೆಯಿಂದ ಒಂದು ಮಾತು ದಾಟಿಸಿದರೂ ಬ್ರಿಡ್ಜ್ ಕೆಡುತ್ತದೆ. ಕೂಗುವ ದನಿಯ ಏರಿಳಿತವೂ ಸುಳಿವು ಕೊಟ್ಟೀತು ಎಂದು 1960ರ ದಶಕದಲ್ಲಿ ಸ್ವೀಡನ್ನಿನಲ್ಲಿ ಬಿಡ್ಡಿಂಗ್ ಬಾಕ್ಸ್ ಬಂತು. ಅಲ್ಲಿಂದ ಕೂಗು ಎಂಬುದು ಮಾತಿಲ್ಲದೆ ಚೀಟಿ ತೆಗೆದಿಡುವ ಕೆಲಸವಾಯಿತು. 1975ರ ವಿಶ್ವ ಸ್ಪರ್ಧೆಯಲ್ಲಿ ಜೊತೆಗಾರರು ಒಬ್ಬರನ್ನೊಬ್ಬರು ನೋಡದಂತೆ ಮೇಜಿಗೆ ಅಡ್ಡಲಾಗಿ ಪರದೆ ಹಾಕಿದರು. ಆ ವರ್ಷವೇ ಮೇಜಿನ ಕೆಳಗೆ ಕಾಲಿನಿಂದ ಸನ್ನೆ ಮಾಡಿದರೆಂಬ ಆರೋಪ ಇಟಲಿಯ ಜೋಡಿಯೊಂದರ ಮೇಲೆ ಬಂದು, ಮುಂದೆ ಪರದೆ ನೆಲದವರೆಗೂ ಇಳಿಯಿತು. 2015ರಲ್ಲಿ ನಾರ್ವೆಯ ಬೊಯೆ ಬ್ರೊಗೆಲಾಂಡ್ ಎದ್ದು ನಿಂತು ಅಗ್ರ ಆಟಗಾರರ ಮೋಸವನ್ನು ಬಯಲಿಗಿಟ್ಟಾಗ, ಪಂದ್ಯದ ವಿಡಿಯೊಗಳನ್ನು ಮತ್ತೆ ಮತ್ತೆ ನೋಡಿ ಸುಳಿವು ಬಿಡಿಸಿದವರು ಹಲವು ದೇಶಗಳ ಆಟಗಾರರು. ಸ್ವಂತ ಮನೆಯ ಕೊಳೆಯನ್ನು ತಾವೇ ತೊಳೆಯಲು ನಿಂತ ಅವರ ಧೈರ್ಯಕ್ಕೆ ಈ ಆಟ ಋಣಿಯಾಗಿರಬೇಕು.

ಇಷ್ಟೆಲ್ಲ ಕಟ್ಟಿದ ಮೇಲೂ ಇಪ್ಪತ್ತನೆಯ ಶತಮಾನದ ಕೊನೆಗೆ ಎಲ್ಲೆಡೆ ಒಂದೇ ಚಿಂತೆ. ಆಡುವವರು ಮುಪ್ಪಾಗುತ್ತಿದ್ದಾರೆ, ಹೊಸಬರು ಬರುತ್ತಿಲ್ಲ. ಅಮೆರಿಕದ ಲೀಗಿನ ಸದಸ್ಯರ ಸರಾಸರಿ ವಯಸ್ಸು ಮುಂದೆ 70 ದಾಟಿತು. ಹಿಂದೆ ಮಕ್ಕಳು ಅಪ್ಪ-ಅಮ್ಮ ಆಡುವುದನ್ನು ನೋಡಿ ಕಲಿಯುತ್ತಿದ್ದರು. ಮನೆಯಲ್ಲಿ ಆಟ ನಿಂತ ಮೇಲೆ ಆ ಶಾಲೆಯೂ ಮುಚ್ಚಿತು.

2005ರಲ್ಲಿ ವಾರನ್ ಬಫೆಟ್ ಮತ್ತು ಬಿಲ್ ಗೇಟ್ಸ್ ಶಾಲೆಗಳಲ್ಲಿ ಬ್ರಿಡ್ಜ್ ಕಲಿಸಲು 10 ಲಕ್ಷ ಡಾಲರ್ ನೀಡಲು ಮುಂದಾದರು. ಇಬ್ಬರೂ ಬ್ರಿಡ್ಜ್ ಹುಚ್ಚಿನವರೇ. ಆದರೆ ಆ ಯೋಜನೆ ಅಂದುಕೊಂಡಷ್ಟು ಬೇರು ಬಿಡಲಿಲ್ಲ. ಹಣ ಬಂದರೂ ಪ್ರತಿ ಶಾಲೆಗೆ ಕಲಿಸಬಲ್ಲ ಒಬ್ಬರು, ವಾರಕ್ಕೊಂದು ನಿಗದಿತ ವೇಳೆ, ಬಿಡದೆ ಬರುವ ನಾಲ್ಕಾದರೂ ಮಕ್ಕಳು ಬೇಕು. ಇದು ಚೆಕ್ಕಿನಿಂದ ಆಗುವ ಕೆಲಸವಲ್ಲ. ಇಂಗ್ಲೆಂಡಿನ ಬ್ರಿಡ್ಜ್ ಒಕ್ಕೂಟ 2010ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಅಂಗಸಂಸ್ಥೆಯಾದ ಯಾವುದೇ ಕ್ಲಬ್ಬಿನಲ್ಲಿ ಆಡುವವರೆಲ್ಲ ತಾನಾಗಿಯೇ ರಾಷ್ಟ್ರೀಯ ಒಕ್ಕೂಟದ ಸದಸ್ಯರು ಎಂದು ಘೋಷಿಸಿ, ಮೂಲೆಯ ಕ್ಲಬ್ಬಿನ ಆಟಗಾರನನ್ನೂ ಲೆಕ್ಕಕ್ಕೆ ತಂದಿತು. ಅದೇ ಒಕ್ಕೂಟ ಬ್ರಿಡ್ಜ್‌ಗೆ ಕ್ರೀಡೆಯ ಮನ್ನಣೆ ಕೇಳಿ ಕೋರ್ಟಿಗೂ ಹೋಯಿತು. 2015ರಲ್ಲಿ ಲಂಡನ್ನಿನ ಹೈಕೋರ್ಟ್ ಒಪ್ಪಲಿಲ್ಲ. 2017ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ತೆರಿಗೆ ವಿನಾಯಿತಿಯ ಪ್ರಕರಣದಲ್ಲಿ, ದೈಹಿಕ ಶ್ರಮವಿಲ್ಲದ್ದು ಕ್ರೀಡೆಯಲ್ಲ ಎಂದಿತು. ಮನ್ನಣೆಯಿಲ್ಲದ ಕಡೆ ಸರ್ಕಾರದ ಕ್ರೀಡಾ ಅನುದಾನವೂ ಇಲ್ಲ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಜ್ಞೆ ಸಮಂತಾ ಪಂಚ್, ತಾವೂ ದೇಶವನ್ನು ಪ್ರತಿನಿಧಿಸಿದ ಆಟಗಾರ್ತಿ, ಯಾರು ಬ್ರಿಡ್ಜ್‌ಗೆ ಬರುತ್ತಾರೆ, ಯಾರು ಬಿಟ್ಟುಹೋಗುತ್ತಾರೆ, ಏಕೆ ಎಂಬುದನ್ನೇ ಸಂಶೋಧನೆಯ ವಿಷಯ ಮಾಡಿಕೊಂಡಿದ್ದಾರೆ.

ಮಕ್ಕಳಿಗಾಗಿ ಯುರೋಪಿನಲ್ಲಿ ಬೆಳೆದ ಮಿನಿಬ್ರಿಡ್ಜ್ ಈ ಪ್ರಯತ್ನಗಳಲ್ಲೆಲ್ಲ ಹೆಚ್ಚು ಫಲ ಕೊಡುವಂಥದ್ದು. ಅದರಲ್ಲಿ ಕೂಗು ಇಲ್ಲ. ಪ್ರತಿ ಮಗು ಗೋರೆನ್ ಎಣಿಕೆಯಂತೆ ತನ್ನ ಕೈಯಲ್ಲಿರುವ ಅಂಕ ಹೇಳುತ್ತದೆ. ನಾಲ್ವರದೂ ಸೇರಿ 40 ಆಗಬೇಕು. ಆಗದಿದ್ದರೆ ಯಾರೋ ತಪ್ಪು ಎಣಿಸಿದ್ದಾರೆ ಎಂದು ಮಕ್ಕಳೇ ಹುಡುಕುತ್ತಾರೆ. ಹೆಚ್ಚು ಅಂಕವಿರುವ ಜೋಡಿ ಆಡುತ್ತದೆ. ಜೊತೆಗಾರನ ಎಲೆ ಮೇಜಿನ ಮೇಲೆ ಬಿಡಿಸಿಕೊಂಡ ಮೇಲೆ, ಎರಡೂ ಕೈ ನೋಡಿ, ತುರುಪು ಯಾವುದು, ಎಷ್ಟು ಟ್ರಿಕ್ ಗೆಲ್ಲುತ್ತೇನೆ ಎಂದು ಮಗುವೇ ನಿರ್ಧರಿಸಬೇಕು. ಹತ್ತು ವರ್ಷದ ಮಗು ಮೊದಲ ದಿನವೇ ಆಡಬಹುದಾದ ಆಟ ಇದು. ಕೂಗಿನ ಭಾಷೆಯನ್ನು ಆಮೇಲೆ ನಿಧಾನವಾಗಿ ಕಲಿತರಾಯಿತು.

ಭಾರತದಲ್ಲಿ ಬ್ರಿಡ್ಜ್ ಬೆಳೆದದ್ದು ಜಿಮ್ಖಾನಾಗಳಲ್ಲಿ, ಅಧಿಕಾರಿಗಳ ಕ್ಲಬ್ಬುಗಳ ಕಾರ್ಡ್ ರೂಮುಗಳಲ್ಲಿ. ರೂಯಾ ಟ್ರೋಫಿಯಂಥ ರಾಷ್ಟ್ರೀಯ ಸ್ಪರ್ಧೆಗಳು ದಶಕಗಳಿಂದ ನಡೆದುಬಂದಿವೆ. 1967ರಲ್ಲಿ ಸುಪ್ರೀಂ ಕೋರ್ಟ್ ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ರಮ್ಮಿ ಕೌಶಲದ ಆಟ ಎಂದು ಹೇಳುವಾಗ ಬ್ರಿಡ್ಜನ್ನೇ ಅಳತೆಗೋಲು ಮಾಡಿಕೊಂಡಿತು. ರಮ್ಮಿಯಲ್ಲಿರುವ ಅದೃಷ್ಟದ ಪಾಲು ಬ್ರಿಡ್ಜ್‌ನಲ್ಲಿ ಎಲೆ ಹಂಚುವಾಗ ಇರುವಂಥದೇ ಎಂಬುದು ನ್ಯಾಯಾಲಯದ ತರ್ಕ. ಬ್ರಿಡ್ಜ್ ಜೂಜಲ್ಲ ಎಂಬುದನ್ನು ಅದು ಚರ್ಚೆಗೇ ಎತ್ತಿಕೊಳ್ಳಬೇಕಾಗಿ ಬರಲಿಲ್ಲ. 1987ರಲ್ಲಿ ಭಾರತದ ಆಟಗಾರ ಜಗ್ಗಿ ಶಿವದಾಸಾನಿ ಅಮೆರಿಕದ ಪ್ರತಿಷ್ಠಿತ ಸ್ಪಿಂಗೋಲ್ಡ್ ಸ್ಪರ್ಧೆ ಗೆದ್ದ ತಂಡದಲ್ಲಿದ್ದರು. ಮರುವರ್ಷ ವೆನಿಸ್ ಒಲಿಂಪಿಯಾಡ್‌ನಲ್ಲಿ ಭಾರತ ಸೆಮಿಫೈನಲ್ ಮುಟ್ಟಿತು.

ಕ್ಲಬ್ಬಿನ ಗೋಡೆ ದಾಟಿ ಬ್ರಿಡ್ಜ್ ಹೊರಗೆ ಬಂದ ಅಪರೂಪದ ಉದಾಹರಣೆ ಮಧ್ಯಪ್ರದೇಶದ ಖರಗೋನ್ ಜಿಲ್ಲೆಯ ರಾಯಬಿಡಪುರ. ಅದು ರೈತರ ಊರು. 1960ರ ದಶಕದಲ್ಲಿ ಅಲ್ಲಿಗೆ ವರ್ಗವಾಗಿ ಬಂದ ಪಶುವೈದ್ಯರೊಬ್ಬರಿಗೆ ಬ್ರಿಡ್ಜ್ ಗೊತ್ತಿತ್ತು, ಜೊತೆಗೆ ಆಡಲು ಮೂವರು ಬೇಕಿತ್ತು. ಊರಿನವರಿಗೇ ಕಲಿಸಿದರು. ಅವರು ವರ್ಗವಾಗಿ ಹೋದರೂ ಆಟ ಅಲ್ಲೇ ಉಳಿಯಿತು. ಅಪ್ಪನಿಂದ ಮಗ, ಮಗನಿಂದ ಮೊಮ್ಮಗಳು ಕಲಿತರು. ಹೊಲದ ಕೆಲಸ ಮುಗಿಸಿ ಬಂದವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ‘ನೋ ಟ್ರಂಪ್’, ‘ಡಬಲ್’ ಎಂದು ಕೂಗಿ ಆಡುತ್ತಾರೆ. ಆ ಊರಿನ ಆಟಗಾರರು ದೊಡ್ಡ ಕೂಟಗಳಿಗೆ ಹೋಗಿಬರುತ್ತಾರೆ, ಅಲ್ಲಿನ ಹೆಣ್ಣುಮಕ್ಕಳು ಭಾರತ ತಂಡದಲ್ಲೂ ಆಡಿದ್ದಾರೆ. ಬಫೆಟ್-ಗೇಟ್ಸ್ ಹಣದಿಂದ ಆಗದ್ದು ಒಬ್ಬ ಪಶುವೈದ್ಯರ ಸಂಜೆಗಳಿಂದ ಆಯಿತು.

2015ರಲ್ಲಿ ಚೆನ್ನೈ ವಿಶ್ವ ತಂಡ ಸ್ಪರ್ಧೆಗೆ ಆತಿಥ್ಯ ನೀಡಿತು. ಬರ್ಮುಡಾ ಬೌಲ್ ಪೋಲೆಂಡಿಗೆ, ವೆನಿಸ್ ಕಪ್ ಫ್ರಾನ್ಸಿಗೆ ಹೋಯಿತು. ಜಕಾರ್ತದ ಚಿನ್ನದ ನಂತರ 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಭಾರತದ ಪುರುಷರ ತಂಡ ಫೈನಲ್‌ನಲ್ಲಿ ಹಾಂಗ್‌ಕಾಂಗ್‌ಗೆ ಸೋತು ಬೆಳ್ಳಿ ಪಡೆಯಿತು. ಆ ತಂಡದಲ್ಲಿ ಜಗ್ಗಿ ಶಿವದಾಸಾನಿ ಇನ್ನೂ ಇದ್ದರು. ಸ್ಪಿಂಗೋಲ್ಡ್ ಗೆದ್ದು ಮೂವತ್ತಾರು ವರ್ಷಗಳಾದ ಮೇಲೂ ಅವರ ಆಟ ಮಾಸಿಲ್ಲ ಎಂಬುದು ಹೆಮ್ಮೆಯ ಸಂಗತಿ. ಅವರ ಪಕ್ಕದ ಕುರ್ಚಿಗೆ ಇಪ್ಪತ್ತರ ಹರೆಯದವರು ಎಷ್ಟು ಬೇಗ ಬಂದಾರು ಎಂಬುದು ನಮ್ಮ ಮುಂದಿನ ಪ್ರಶ್ನೆ.

ಕರ್ನಾಟಕಕ್ಕೂ ರಾಜ್ಯ ಬ್ರಿಡ್ಜ್ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ಆಟಗಾರರಿದ್ದಾರೆ, ಹಳೆಯ ಕ್ಲಬ್ಬುಗಳಲ್ಲಿ ಮೇಜುಗಳಿವೆ. ಇಪ್ಪತ್ತೆಂಟು, ಐವತ್ತಾರು ಆಡಿ ತುರುಪಿನ ಲೆಕ್ಕ ಕರಗತವಾದವರು ಹಳ್ಳಿ ಹಳ್ಳಿಯಲ್ಲಿದ್ದಾರೆ. ಈ ಎರಡು ಗುಂಪುಗಳ ನಡುವೆ ದಾರಿ ಹಾಕುವ ಕೆಲಸ ಬಾಕಿಯಿದೆ. ಕ್ಲಬ್ಬುಗಳು ವಾರದಲ್ಲಿ ಒಂದು ಸಂಜೆ ಕಾರ್ಡ್ ರೂಮನ್ನು ಕಾಲೇಜು ವಿದ್ಯಾರ್ಥಿಗಳಿಗೆ ಉಚಿತವಾಗಿ ಬಿಟ್ಟುಕೊಡಲಿ. ನಿವೃತ್ತ ಆಟಗಾರರು ಹತ್ತಿರದ ಒಂದು ಶಾಲೆಯನ್ನು ಆರಿಸಿಕೊಂಡು, ಮಿನಿಬ್ರಿಡ್ಜ್‌ನಿಂದ ಶುರುಮಾಡಿ, ಕನ್ನಡದಲ್ಲೇ ಕಲಿಸಲಿ. ಜಿಲ್ಲಾ ಮಟ್ಟದಲ್ಲಿ ಮೊದಲ ಮಾಸ್ಟರ್ ಪಾಯಿಂಟ್ ಗಳಿಸಲು ಅನುವಾಗುವ ಸಣ್ಣ ಪಂದ್ಯಗಳು ನಡೆಯಲಿ. ಮಗ ಅಥವಾ ಮಗಳ ಕೈಯಲ್ಲಿ ಇಸ್ಪೀಟೆಲೆ ಕಂಡೊಡನೆ ಕಿತ್ತುಕೊಳ್ಳುವ ಮುನ್ನ ತಂದೆ-ತಾಯಿ ಯಾವ ಆಟ ಎಂದು ಒಮ್ಮೆ ಕೇಳಲಿ. ಬ್ರಿಡ್ಜ್ ಎಂದರೆ, ಮೇಜಿನ ಖಾಲಿ ಕುರ್ಚಿಗೆ ತಾವೂ ಹೋಗಿ ಕೂರಲಿ.